ಸ್ವಿಚ್ ಆಫ್ ಮಾಡಿದರೂ ಮಿಣುಕುವ ಎಲ್‌ಇಡಿ ಬಲ್ಬು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಂಕಾಗಿ ಉರಿಯುತ್ತಲೇ ಇರುತ್ತದೆ. ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಫಳಕ್ ಅಂತ ಮಿಂಚಿ ಸುಮ್ಮನಾಗುತ್ತದೆ. ಹಗಲಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಎಲ್ಲ ದೀಪ ಆರಿದ ಮೇಲೆ ಗೊತ್ತಾಗುತ್ತದೆ. ಬಲ್ಬು ಕೆಟ್ಟಿದೆ ಅಂದುಕೊಂಡು ಹೊಸದು ತಂದು ಹಾಕುತ್ತಾರೆ. ಅದೂ ಹಾಗೇ ಮಾಡುತ್ತದೆ. ತೆಗೆದ ಬಲ್ಬನ್ನು ಬೇರೆ ಕೋಣೆಯಲ್ಲಿ ಹಾಕಿದರೆ ಅಲ್ಲಿ ಏನೂ ತೊಂದರೆಯಿಲ್ಲ. ತಲೆ ಕೆಡುವುದು ಇಲ್ಲೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗಾದಾಗ ಸಾಮಾನ್ಯವಾಗಿ ಬಲ್ಬಿನದು ತಪ್ಪಿರುವುದಿಲ್ಲ. ವೈರಿಂಗಿನಲ್ಲೋ ಸ್ವಿಚ್ಚಿನಲ್ಲೋ ಮೊದಲಿನಿಂದ ಇದ್ದದ್ದನ್ನು ಅದು ತೋರಿಸುತ್ತಿರುತ್ತದೆ. ಆ ಕಾರಣ ಕೆಲವು ಮನೆಗಳಲ್ಲಿ ಏನೇನೂ ಅಪಾಯ ಇಲ್ಲದ್ದು. ಇನ್ನು ಕೆಲವು ಮನೆಗಳಲ್ಲಿ ಜೀವಕ್ಕೇ ಕುತ್ತು ತರುವಂಥದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಮಿಣುಕುತ್ತವೆ. ಅದಕ್ಕೇ ಯಾವುದು ಅಂತ ಪತ್ತೆ ಮಾಡದೆ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಲ್ಬಿನ ಕಂಪನಿ ಬದಲಿಸಿ, ಮಿಣುಕುವುದು ನಿಂತಿತು ಅಂತ ಮರೆತುಬಿಡುವುದು ಸರಿಯಲ್ಲ.

ಹಳೇ ಬಲ್ಬಿಗೆ ಯಾಕೆ ಹೀಗಾಗುತ್ತಿರಲಿಲ್ಲ?

ತಂತಿ ಸುರುಳಿಯ 60 ವ್ಯಾಟ್ ಬಲ್ಬು 230 ವೋಲ್ಟ್‌ನಲ್ಲಿ ಉರಿಯಲು ಸುಮಾರು 260 ಮಿಲಿಆಂಪಿಯರ್ ಕರೆಂಟ್ ಬೇಕು. ತಂತಿ ಕಾಯ್ದು ಕೆಂಪಾದರೆ ಮಾತ್ರ ಬೆಳಕು. ಅದರೊಳಗೆ ಒಂದು ಮಿಲಿಆಂಪಿಯರ್ ಸೋರಿ ಹರಿದರೂ ತಂತಿ ಬಿಸಿಯೂ ಆಗುವುದಿಲ್ಲ. ಹಾಗಾಗಿ ಆ ಸೋರಿಕೆ ವರ್ಷಗಟ್ಟಲೆ ಇದ್ದರೂ ಯಾರಿಗೂ ಕಾಣುತ್ತಿರಲಿಲ್ಲ.

ಎಲ್‌ಇಡಿ ಹಾಗಲ್ಲ. ಇವತ್ತಿನ ಬಿಳಿ ಎಲ್‌ಇಡಿ ಚಿಪ್ ಕೆಲವೇ ಮೈಕ್ರೋಆಂಪಿಯರ್‌ನಲ್ಲೂ ಕತ್ತಲಲ್ಲಿ ಕಾಣುವಷ್ಟು ಬೆಳಗುತ್ತದೆ. ಮೈಕ್ರೋ ಅಂದರೆ ಮಿಲಿಯ ಸಾವಿರದಲ್ಲಿ ಒಂದು ಭಾಗ.

ಇನ್ನು ಮಿಂಚುವ ವಿಷಯ. ಬಲ್ಬಿನ ಒಳಗೆ ಡ್ರೈವರ್ ಅನ್ನುವ ಸಣ್ಣ ಸರ್ಕ್ಯೂಟ್ ಇರುತ್ತದೆ. ಅದರಲ್ಲಿ ಒಂದು ಕೆಪಾಸಿಟರ್. ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಚೊಂಬು ನಿಧಾನಕ್ಕೆ ತುಂಬುವ ಹಾಗೆ, ಸೋರಿ ಬರುವ ಕರೆಂಟ್ ಈ ಕೆಪಾಸಿಟರನ್ನು ಮೆಲ್ಲಗೆ ತುಂಬುತ್ತದೆ. ವೋಲ್ಟೇಜ್ ಒಂದು ಮಟ್ಟ ಮುಟ್ಟಿದ ಕೂಡಲೇ ಡ್ರೈವರ್ ಎಚ್ಚರವಾಗಿ ಎಲ್‌ಇಡಿ ಹೊತ್ತಿಸಲು ನೋಡುತ್ತದೆ. ಕೂಡಿಟ್ಟದ್ದೆಲ್ಲ ಒಂದೇ ಮಿಂಚಿಗೆ ಖಾಲಿ. ಮತ್ತೆ ತುಂಬಲು ಶುರು. ಲೆಕ್ಕ ಹಾಕಿ ನೋಡಿ: 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ 100 ವೋಲ್ಟ್ ಮುಟ್ಟಲು 70 ಮೈಕ್ರೋಆಂಪಿಯರ್ ಸೋರಿಕೆಗೆ ಏಳು ಸೆಕೆಂಡಿನ ಆಸುಪಾಸು ಬೇಕು. ಸೋರಿಕೆ ಜಾಸ್ತಿ ಇದ್ದರೆ ಬೇಗ ಬೇಗ ಮಿಂಚುತ್ತದೆ, ಕಡಿಮೆ ಇದ್ದರೆ ನಿಧಾನಕ್ಕೆ. ಡ್ರೈವರ್ ಸರಳವಾಗಿದ್ದರೆ ಮಿಂಚುವ ಬದಲು ಸದಾ ಮಂಕಾಗಿ ಬೆಳಗುತ್ತಿರುತ್ತದೆ. ಒಂದೇ ಹೋಲ್ಡರಿನಲ್ಲಿ ಒಂದು ಬಲ್ಬು ಮಿಂಚಿ, ಇನ್ನೊಂದು ಮಂಕಾಗಿ ಉರಿದು, ಮೂರನೆಯದು ಪೂರ್ತಿ ಆರುವುದು ಇದರಿಂದಲೇ. ಮೂರಕ್ಕೂ ಬರುತ್ತಿರುವ ಸೋರಿಕೆ ಒಂದೇ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. 100 ಮೈಕ್ರೋಆಂಪಿಯರ್ ಇಡೀ ವರ್ಷ ಹರಿದರೂ ಕಾಲು ಯೂನಿಟ್ ಆಗುವುದಿಲ್ಲ. ಯೋಚನೆ ಮಾಡಬೇಕಾದ್ದು ಆ ಕರೆಂಟ್ ಯಾವ ದಾರಿಯಲ್ಲಿ ಬರುತ್ತಿದೆ ಅನ್ನುವುದನ್ನು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಅರ್ಧ ಕೆಲಸ ಬರೀ ನೋಡುವುದರಲ್ಲೇ ಮುಗಿಯುತ್ತದೆ. ಕೋಣೆ ಪೂರ್ತಿ ಕತ್ತಲು ಮಾಡಿ, ದೀಪ ಆರಿಸಿ, ಕಾದು ನೋಡಿ.

ಮಂಕು ಬೆಳಕು ಕೆಲವು ಸೆಕೆಂಡುಗಳಲ್ಲಿ ಇಳಿಯುತ್ತಾ ಹೋಗಿ, ಒಂದೆರಡು ನಿಮಿಷದೊಳಗೆ ಪೂರ್ತಿ ಆರಿದರೆ ಅದು ದೋಷವೇ ಅಲ್ಲ. ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತಿದೆ, ಚಿಪ್ಪಿನ ಮೇಲಿನ ಹಳದಿ ಲೇಪದ ಹೊಳಪು ಇಳಿಯುತ್ತಿದೆ, ಅಷ್ಟೆ. ಇಲ್ಲಿಗೇ ಬಿಟ್ಟುಬಿಡಿ. ಹತ್ತು ನಿಮಿಷ ಆದರೂ ಅಷ್ಟೇ ಬೆಳಕಿದ್ದರೆ ಅಥವಾ ಮಿಂಚುತ್ತಲೇ ಇದ್ದರೆ ಮುಂದೆ ಓದಿ.

ಈಗ ಬಲ್ಬುಗಳನ್ನು ಅದಲು ಬದಲು ಮಾಡಿ. ಮಿಣುಕುವ ಬಲ್ಬನ್ನು ಸರಿಯಾಗಿರುವ ಹೋಲ್ಡರಿಗೆ, ಅಲ್ಲಿಯದನ್ನು ಇಲ್ಲಿಗೆ. ಮಿಣುಕುವುದು ಬಲ್ಬಿನ ಜತೆ ಹೋಯಿತಾ, ಹೋಲ್ಡರಿನಲ್ಲೇ ಉಳಿಯಿತಾ? ಬಲ್ಬಿನ ಜತೆ ಹೋದರೆ ಆ ಬಲ್ಬು ಜಾಸ್ತಿ ಸೂಕ್ಷ್ಮವಾದದ್ದು, ಎರಡೂ ಕಡೆ ಅಷ್ಟಿಷ್ಟು ಸೋರಿಕೆ ಇದೆ ಅಂತ ಅರ್ಥ. ಹೋಲ್ಡರಿನಲ್ಲೇ ಉಳಿದರೆ ಆ ಸರ್ಕ್ಯೂಟಿನಲ್ಲೇ ಏನೋ ಇದೆ.

ಇನ್ನೊಂದು ಪರೀಕ್ಷೆ ಇದೆ. ಇದನ್ನು ತುಂಬ ಜನ ಮಾಡುವುದಿಲ್ಲ, ನನಗೆ ಮಾತ್ರ ಬಹಳ ಬೆಲೆಯುಳ್ಳದ್ದು ಅನ್ನಿಸುತ್ತದೆ. ದೀಪ ಮಿಣುಕುತ್ತಿರುವಾಗ ಆ ಸರ್ಕ್ಯೂಟಿನ ಎಂಸಿಬಿ, ಅಂದರೆ ಇಡೀ ಸರ್ಕ್ಯೂಟಿನ ಕರೆಂಟ್ ಕತ್ತರಿಸುವ ಸುರಕ್ಷತಾ ಸ್ವಿಚ್, ಇಳಿಸಿ. ಆಗ ಆರಿಹೋದರೆ ಸೋರಿಕೆ ಆ ಸರ್ಕ್ಯೂಟಿನ ಒಳಗಿನದೇ. ಎಂಸಿಬಿ ಇಳಿಸಿದ ಮೇಲೂ ಮಿಣುಕುತ್ತಲೇ ಇದ್ದರೆ ವಿಷಯ ಗಂಭೀರ. ಒಂದೋ ಪಕ್ಕದ ಸರ್ಕ್ಯೂಟಿನಿಂದ ಕರೆಂಟ್ ಒಳಗೆ ಬರುತ್ತಿದೆ, ಇಲ್ಲವೇ ಫೇಸ್ (ಕರೆಂಟ್ ತರುವ ವೈರ್) ಮತ್ತು ನ್ಯೂಟ್ರಲ್ (ಕರೆಂಟ್ ಮರಳುವ ವೈರ್) ಬುಡದಲ್ಲೇ ಅದಲು ಬದಲಾಗಿ ಎಂಸಿಬಿ ಕೂಡ ತಪ್ಪು ವೈರಿನಲ್ಲಿ ಕೂತಿದೆ. ಹೀಗೆ ಕಂಡರೆ ನೀವೇ ಏನನ್ನೂ ಬಿಚ್ಚಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ನೆನಪಿಡಿ: ಮೇನ್ ಆಫ್ ಮಾಡಿದರೂ ಇನ್ವರ್ಟರ್ ತನ್ನ ವೈರುಗಳಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದನ್ನೂ ಆಫ್ ಮಾಡಬೇಕು.

ಪುಟ್ಟ ಇಂಡಿಕೇಟರ್ ಇರುವ ಸ್ವಿಚ್

ಸ್ವಿಚ್ಚಿನ ಮೇಲೆ ಕಡಲೆಬೇಳೆಯಷ್ಟು ಕಿತ್ತಳೆ ಬಣ್ಣದ ದೀಪ ಇದೆಯಾ ನೋಡಿ. ಕತ್ತಲಲ್ಲಿ ಸ್ವಿಚ್ ಎಲ್ಲಿದೆ ಅಂತ ತೋರಿಸಲು ಅದನ್ನು ಇಟ್ಟಿರುತ್ತಾರೆ. ಸ್ವಿಚ್ ಆಫ್ ಇದ್ದಾಗ ಉರಿದು, ಆನ್ ಮಾಡಿದಾಗ ಆರುವ ಥರದ್ದಾದರೆ ಬಹುಪಾಲು ಉತ್ತರ ಸಿಕ್ಕ ಹಾಗೆ. ಆ ಕಿತ್ತಳೆ ದೀಪ ಒಂದು ನಿಯಾನ್ ಬಲ್ಬು. ಅದರ ಜತೆ ಸಾಮಾನ್ಯವಾಗಿ ಲಕ್ಷ ಓಮ್ ದಾಟಿದ ಒಂದು ರೆಸಿಸ್ಟರ್ ಇರುತ್ತದೆ. ಇವೆರಡೂ ಸ್ವಿಚ್ಚಿನ ಎರಡು ತುದಿಗಳ ನಡುವೆ ಕೂತಿವೆ. ಅಂದರೆ ಸ್ವಿಚ್ ಆಫ್ ಇದ್ದಾಗಲೂ ಸುಮಾರು ಒಂದು ಮಿಲಿಆಂಪಿಯರ್‌ನಷ್ಟು ಕರೆಂಟ್ ನಿಯಾನ್ ಮೂಲಕ ಹಾದು, ನಿಮ್ಮ ಎಲ್‌ಇಡಿ ಬಲ್ಬಿನ ಒಳಗೆ ಹೋಗಿ, ನ್ಯೂಟ್ರಲ್ ಸೇರುತ್ತದೆ. ಬಲ್ಬು ಮಿಣುಕದೆ ಇನ್ನೇನು ಮಾಡೀತು?

ಖಚಿತ ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಸ್ವಿಚ್ ಆಫ್ ಮಾಡಿ ಬಲ್ಬನ್ನು ಹೋಲ್ಡರಿನಿಂದ ತೆಗೆಯಿರಿ. ಸ್ವಿಚ್ಚಿನ ಇಂಡಿಕೇಟರೂ ಆರಿತಾ ಅಥವಾ ತುಂಬ ಮಂಕಾಯಿತಾ? ಹಾಗಾದರೆ ಅದರ ದಾರಿ ಬಲ್ಬಿನ ಮೂಲಕವೇ ಇದೆ. ಬಲ್ಬು ಮತ್ತೆ ಹಾಕಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಲ್ಬು ತೆಗೆದರೂ ಮೊದಲಿನಷ್ಟೇ ಉರಿಯುತ್ತಿದ್ದರೆ ಅದಕ್ಕೆ ಬೇರೆಯದೇ ನ್ಯೂಟ್ರಲ್ ವೈರ್ ಕೊಟ್ಟಿದ್ದಾರೆ, ಅದು ನಿರಪರಾಧಿ.

ಇದು ಅಪಾಯದ ಕಾರಣ ಅಲ್ಲ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದರೆ ಸಾಕು. ಒಂದೇ ಸ್ವಿಚ್ಚಿಗೆ ಎರಡು ಮೂರು ಬಲ್ಬು ಇದ್ದರೆ ಅದರಲ್ಲಿ ಒಂದನ್ನು ಸೋರಿಕೆಗೆ ಮಿಣುಕದಂಥ ಬಲ್ಬಾಗಿ ಬದಲಿಸಿದರೂ ಕೆಲವೊಮ್ಮೆ ಉಳಿದವು ಸುಮ್ಮನಾಗುತ್ತವೆ. ಇಂಡಿಕೇಟರ್ ಬೇಕೇ ಬೇಕು ಅನ್ನುವವರಿಗೆ ಕೆಪಾಸಿಟರಿನ ಉಪಾಯ ಮುಂದೆ ಹೇಳುತ್ತೇನೆ.

ಡಿಮ್ಮರ್, ಚಲನೆ ಗುರುತಿಸುವ ಸೆನ್ಸರ್, ಫೋನಿನಿಂದ ನಡೆಸುವ ಸ್ಮಾರ್ಟ್ ಸ್ವಿಚ್ ಇವುಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ನ್ಯೂಟ್ರಲ್ ವೈರ್ ಇಲ್ಲದೆ ಬರೀ ಎರಡು ವೈರಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ತಾವು ಎಚ್ಚರವಾಗಿರಲು ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ. ನ್ಯೂಟ್ರಲ್ ಜೋಡಿಸುವ ಮಾದರಿ ಹಾಕಿಸಿದರೆ ಸರಿಹೋಗುತ್ತದೆ.

ನ್ಯೂಟ್ರಲ್‌ಗೆ ಹಾಕಿದ ಸ್ವಿಚ್

ನಾನು ಇಷ್ಟು ಉದ್ದ ಬರೆಯುತ್ತಿರುವುದೇ ಈ ಭಾಗಕ್ಕಾಗಿ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಬಲ್ಬಿಗೆ ಎರಡು ವೈರ್ ಬರುತ್ತವೆ, ಒಂದು ಫೇಸ್, ಒಂದು ನ್ಯೂಟ್ರಲ್. ಸ್ವಿಚ್ ಯಾವತ್ತೂ ಫೇಸ್ ವೈರನ್ನು ಕತ್ತರಿಸಬೇಕು. ಕೆಲವು ಮನೆಗಳಲ್ಲಿ ಅವಸರಕ್ಕೋ ತಿಳಿಯದೆಯೋ ಸ್ವಿಚ್ಚನ್ನು ನ್ಯೂಟ್ರಲ್‌ನಲ್ಲಿ ಕೂರಿಸಿರುತ್ತಾರೆ. ದೀಪ ಹೊತ್ತುತ್ತದೆ, ಆರುತ್ತದೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಸ್ವಿಚ್ ಆಫ್ ಮಾಡಿದಾಗಲೂ ಹೋಲ್ಡರಿನ ತನಕ 230 ವೋಲ್ಟ್ ಪೂರ್ತಿ ಬಂದು ನಿಂತಿರುತ್ತದೆ. ಸ್ವಿಚ್ ಆಫ್ ಇದೆಯಲ್ಲ ಅಂತ ಧೈರ್ಯವಾಗಿ ಹೋಲ್ಡರಿಗೆ ಬೆರಳು ತಾಗಿಸಿದವರಿಗೆ ಶಾಕ್ ಹೊಡೆಯುವುದು ಹೀಗೆ. ಬಲ್ಬು ಬದಲಿಸುವಾಗ ಜನ ಮೇನ್ ಆಫ್ ಮಾಡುವುದಿಲ್ಲ, ಸ್ವಿಚ್ ಮಾತ್ರ ಆಫ್ ಮಾಡುತ್ತಾರೆ, ಅಲ್ವಾ? ಸ್ಟೂಲಿನ ಮೇಲೆ ನಿಂತವರಿಗೆ ಸಣ್ಣ ಶಾಕ್ ಸಾಕು, ಬಿದ್ದು ಮೂಳೆ ಮುರಿಯುತ್ತದೆ.

ಇಂಥ ಕಡೆ ಎಲ್‌ಇಡಿ ಯಾಕೆ ಮಿಣುಕುತ್ತದೆ? ಬಲ್ಬಿಗೆ ಫೇಸ್ ಸದಾ ಸಿಕ್ಕೇ ಇದೆ. ಕತ್ತರಿಸಿದ ನ್ಯೂಟ್ರಲ್ ತುಂಡು ಸ್ವಿಚ್ಚಿನ ತನಕ ಗೋಡೆಯೊಳಗೆ ಹೋಗಿದೆ. ಪಕ್ಕದಲ್ಲೇ ಅರ್ಥ್ ವೈರ್, ಬೇರೆ ನ್ಯೂಟ್ರಲ್ ವೈರುಗಳು ಇರುತ್ತವೆ. ಅಕ್ಕಪಕ್ಕ ಇರುವ ಎರಡು ವೈರುಗಳೇ ಒಂದು ಕೆಪಾಸಿಟರಿನ ಹಾಗೆ ವರ್ತಿಸುತ್ತವೆ. ಆ ದಾರಿಯಲ್ಲಿ ಸ್ವಲ್ಪ ಕರೆಂಟ್ ಹರಿದುಹೋಗುತ್ತದೆ. ಲೋಹದ ಮೈಯಿರುವ ಪ್ಯಾನೆಲ್ ಲೈಟಿನಲ್ಲಿ ಇನ್ನೂ ಹತ್ತಿರದ ದಾರಿ ಇದೆ. ಎಲ್‌ಇಡಿ ಚಿಪ್ಪುಗಳು ಕೂತಿರುವ ಅಲ್ಯೂಮಿನಿಯಂ ತಟ್ಟೆಗೂ ಚಿಪ್ಪುಗಳಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಒಂದು ಪದರ. ಮೈಗೆ ಅರ್ಥ್ ಕೊಟ್ಟಿದ್ದರೆ, ಫೇಸ್ ಹೊತ್ತ ಚಿಪ್ಪುಗಳಿಂದ ಆ ಪದರ ದಾಟಿ ಅರ್ಥ್ ಕಡೆಗೆ ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ. ಹೀಗಾದಾಗ ಪ್ಯಾನೆಲ್ಲಿನ ಒಂದು ಕಡೆಯ ಚಿಪ್ಪುಗಳು ಮಾತ್ರ ಬೆಳಗಿ, ಇನ್ನೊಂದು ಕಡೆ ಕತ್ತಲಾಗಿರುವುದೂ ಉಂಟು. ಈ ಗುರುತು ಕಂಡರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ ಅನ್ನುವ ಅನುಮಾನ ಬಲವಾಗಬೇಕು.

ಪತ್ತೆ ಮಾಡುವ ಕ್ರಮ ಇದು. ಬಲ್ಬು ತೆಗೆದು, ಸ್ವಿಚ್ ಆಫ್ ಇಟ್ಟು, ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ತಾಗಿಸಬೇಕು. ಸ್ವಿಚ್ ಸರಿಯಾದ ಕಡೆ ಇದ್ದರೆ ಎರಡರಲ್ಲೂ ಟೆಸ್ಟರ್ ಚೆನ್ನಾಗಿ ಉರಿಯಬಾರದು. ಒಂದರಲ್ಲಿ ಪ್ರಖರವಾಗಿ ಉರಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ. ಆಮೇಲೆ ಸ್ವಿಚ್ ಆನ್ ಮಾಡಿ ನೋಡಿದರೆ ಒಂದೇ ಒಂದು ಪಿನ್ನಿನಲ್ಲಿ ಉರಿಯಬೇಕು. ತಿರುಪಿನ ಹೋಲ್ಡರ್ ಆದರೆ ಫೇಸ್ ಬುಡದ ನಡು ಪಿನ್ನಿಗೆ ಬರಬೇಕು, ಕೈ ತಾಗುವ ಹೊರಗಿನ ತಿರುಪಿಗಲ್ಲ. ಈ ಪರೀಕ್ಷೆ ಕರೆಂಟ್ ಇರುವಾಗಲೇ ಮಾಡುವಂಥದ್ದು. ಟೆಸ್ಟರ್ ಹಿಡಿದು ಅಭ್ಯಾಸ ಇಲ್ಲದವರು, ಎತ್ತರದಲ್ಲಿ ನಿಂತು ಮಾಡಬೇಕಾದವರು, ನೆಲ ಒದ್ದೆ ಇರುವವರು ಮಾಡಲೇಬೇಡಿ. ಎಲೆಕ್ಟ್ರಿಷಿಯನ್ ಬಂದಾಗ 'ಬಲ್ಬು ಮಿಣುಕುತ್ತೆ' ಅಂತಷ್ಟೇ ಹೇಳಿದರೆ ಬಲ್ಬು ಬದಲಿಸಿ ಹೋಗಿಬಿಡಬಹುದು. 'ಸ್ವಿಚ್ ಫೇಸ್‌ನಲ್ಲಿದೆಯಾ, ನ್ಯೂಟ್ರಲ್‌ನಲ್ಲಿದೆಯಾ ನೋಡಿ ಹೇಳಿ' ಅಂತ ಕೇಳಿ. ಉತ್ತರ ಬರುವ ತನಕ ಬಿಡಬೇಡಿ.

ವೈರಿನ ಬಣ್ಣ ನೋಡಿ ತೀರ್ಮಾನ ಮಾಡುವುದು ಬೇಡ. ತಪ್ಪಾಗಿ ಜೋಡಿಸಿದವರು ಬಣ್ಣವನ್ನೂ ತಪ್ಪಾಗಿ ಬಳಸಿರಬಹುದು. ಬಣ್ಣದ ನಿಯಮ ದೇಶದಿಂದ ದೇಶಕ್ಕೆ ಬೇರೆ, ಹಳೇ ವೈರಿಂಗಿಗೂ ಹೊಸದಕ್ಕೂ ಬೇರೆ. ಹಾಗೇ, ಒಂದು ಸ್ವಿಚ್ಚಿನಲ್ಲಿ ಈ ತಪ್ಪು ಸಿಕ್ಕರೆ ಅದೇ ಬೋರ್ಡಿನ ಉಳಿದ ಸ್ವಿಚ್ಚುಗಳನ್ನೂ, ಪ್ಲಗ್ ಪಾಯಿಂಟುಗಳನ್ನೂ ನೋಡಿಸಿ. ಒಂದೇ ಕೈ ಕೆಲಸ ಮಾಡಿರುತ್ತದೆ.

ಮೆಟ್ಟಿಲಿನ ದೀಪ

ಕೆಳಗೊಂದು, ಮೇಲೊಂದು ಸ್ವಿಚ್ ಇರುವ ಮೆಟ್ಟಿಲಿನ ದೀಪ ಮಿಣುಕುವುದು ತುಂಬ ಸಾಮಾನ್ಯ. ಇಲ್ಲಿ ಯಾರ ತಪ್ಪೂ ಇಲ್ಲದೆ ಆಗಬಹುದು. ಎರಡು ಟು-ವೇ ಸ್ವಿಚ್ಚುಗಳ ನಡುವೆ ಎರಡು ವೈರ್ ಒಂದೇ ಪೈಪಿನಲ್ಲಿ ಅಂಟಿಕೊಂಡ ಹಾಗೆ ಓಡುತ್ತವೆ. ದೀಪ ಆರಿರುವಾಗ ಒಂದರಲ್ಲಿ ಫೇಸ್ ಇರುತ್ತದೆ, ಇನ್ನೊಂದು ಬಲ್ಬಿಗೆ ಸೇರಿರುತ್ತದೆ. ಜತೆಯಲ್ಲಿ ಓಡುವ ವೈರುಗಳ ನಡುವಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 50ರಿಂದ 100 ಪಿಕೋಫ್ಯಾರಡ್. ಹತ್ತು ಮೀಟರ್ ಉದ್ದಕ್ಕೆ ಒಂದು ನ್ಯಾನೋಫ್ಯಾರಡ್, ಅಂದರೆ ಸಾವಿರ ಪಿಕೋಫ್ಯಾರಡ್, ತನಕ ಆಗುತ್ತದೆ. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದರ ಮೂಲಕ 70 ಮೈಕ್ರೋಆಂಪಿಯರ್ ಹರಿಯಬಲ್ಲದು. ಮೇಲೆ ಹೇಳಿದ ಏಳು ಸೆಕೆಂಡಿನ ಮಿಂಚಿಗೆ ಇಷ್ಟೇ ಸಾಕು. ಎರಡು ವೈರ್ ಎಲ್ಲೂ ತಾಗಿಲ್ಲ, ಇನ್ಸುಲೇಷನ್ ಎಲ್ಲೂ ಹೋಗಿಲ್ಲ, ಆದರೂ ಬಲ್ಬಿಗೆ ಕರೆಂಟ್ ತಲುಪುತ್ತಿದೆ. ಸ್ವಿಚ್ಚುಗಳನ್ನು ಬಿಚ್ಚಿ ಎಷ್ಟು ನೋಡಿದರೂ ಕಾಣುವಂಥದ್ದು ಏನೂ ಸಿಗುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಟು-ವೇ ದೀಪವನ್ನು ಎರಡು ರೀತಿಯಲ್ಲಿ ಆರಿಸಬಹುದು, ಏಕೆಂದರೆ ಎರಡು ಸ್ವಿಚ್ಚುಗಳ ಸ್ಥಿತಿ ಸೇರಿ ಎರಡು ಬಗೆಯ 'ಆಫ್' ಇರುತ್ತದೆ. ಎರಡರಲ್ಲೂ ಮಿಣುಕುವುದು ಒಂದೇ ಥರ ಇದ್ದರೆ ಮೇಲಿನ ಕಾರಣವೇ ಇರಬಹುದು. ಒಂದು ಬಗೆಯಲ್ಲಿ ಮಾತ್ರ ಮಿಣುಕಿ, ಇನ್ನೊಂದರಲ್ಲಿ ಪೂರ್ತಿ ಆರಿದರೆ ಬೇರೆಯ ಅನುಮಾನ ಬರಬೇಕು. ಹಳೇ ಕಾಲದ ಒಂದು ಜೋಡಣೆಯಲ್ಲಿ ಎರಡೂ ಸ್ವಿಚ್ಚಿಗೆ ಫೇಸೂ ನ್ಯೂಟ್ರಲೂ ಎರಡನ್ನೂ ಕೊಡುತ್ತಿದ್ದರು. ಅದರಲ್ಲಿ ಒಂದು ಬಗೆಯ 'ಆಫ್' ಅಂದರೆ ಬಲ್ಬಿನ ಎರಡೂ ತುದಿಗೆ ಫೇಸ್ ಬಂದಿರುವುದು. ದೀಪ ಆರಿದೆ, ಹೋಲ್ಡರ್ ಎರಡೂ ಕಡೆ ಜೀವಂತ. ಅಂಥದ್ದು ಸಿಕ್ಕರೆ ವೈರಿಂಗನ್ನೇ ಬದಲಿಸಬೇಕು, ಬೇರೆ ಮಾತಿಲ್ಲ.

ಟೆಸ್ಟರೂ ಮೀಟರೂ ದಾರಿ ತಪ್ಪಿಸುತ್ತವೆ

ಮಲ್ಟಿಮೀಟರ್ ಇರುವವರು ಆಫ್ ಆದ ಹೋಲ್ಡರಿನಲ್ಲಿ 40, 60, 90 ವೋಲ್ಟ್ ಕಂಡು ಗಾಬರಿಯಾಗುತ್ತಾರೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ಪ್ರತಿರೋಧ ಕೋಟಿ ಓಮ್‌ನಷ್ಟು. ಅಷ್ಟು ದೊಡ್ಡ ಪ್ರತಿರೋಧಕ್ಕೆ, ಪಕ್ಕದ ವೈರಿನಿಂದ ಹಾರಿ ಬರುವ ಒಂದೆರಡು ಮೈಕ್ರೋಆಂಪಿಯರ್ ಕೂಡ ಹತ್ತಾರು ವೋಲ್ಟ್ ಆಗಿ ಕಾಣುತ್ತದೆ. ನಿಯಾನ್ ಟೆಸ್ಟರ್ ಕೂಡ ಹೀಗೇ ಮಂಕಾಗಿ ಉರಿದು ಮೋಸ ಮಾಡುತ್ತದೆ.

ನಿಜವಾದ ವೋಲ್ಟೇಜೋ ತೋರಿಕೆಯದೋ ಅಂತ ತಿಳಿಯಲು ಹಳೇ ತಂತಿ ಸುರುಳಿಯ ಬಲ್ಬಿನಷ್ಟು ಒಳ್ಳೆಯ ಉಪಕರಣ ಇಲ್ಲ. ಎರಡು ಬಲ್ಬು ಇರುವ ಸರ್ಕ್ಯೂಟಿನಲ್ಲಿ ಒಂದು ಹೋಲ್ಡರಿಗೆ ಅದನ್ನು ಹಾಕಿ. ಪಕ್ಕದ ಎಲ್‌ಇಡಿ ತಕ್ಷಣ ಆರಿದರೆ, ಬರುತ್ತಿದ್ದದ್ದು ಬರೀ ಸಣ್ಣ ಸೋರಿಕೆ. ಹಳೇ ಬಲ್ಬಿನ ತಣ್ಣಗಿನ ತಂತಿಗೆ ನೂರು ಓಮ್‌ಗಿಂತ ಕಡಿಮೆ ಪ್ರತಿರೋಧ, ಸೋರಿಕೆಯೆಲ್ಲ ಅದರ ಮೂಲಕ ಸದ್ದಿಲ್ಲದೆ ಹೋಗಿಬಿಡುತ್ತದೆ. ಸ್ವಿಚ್ ಆಫ್ ಇದ್ದೂ ಆ ತಂತಿ ಕೆಂಪಗಾಗುತ್ತಿದ್ದರೆ ದೊಡ್ಡ ಸೋರಿಕೆಯೇ ಇದೆ, ಕೂಡಲೇ ಎಂಸಿಬಿ ಇಳಿಸಿ. ಒಂದು ಎಚ್ಚರಿಕೆ: ಎಲ್‌ಇಡಿ ಆರಿತು ಅಂದ ಮಾತ್ರಕ್ಕೆ ಸ್ವಿಚ್ ಫೇಸ್‌ನಲ್ಲಿದೆ ಅಂತ ಅರ್ಥವಲ್ಲ. ನ್ಯೂಟ್ರಲ್ ಪರೀಕ್ಷೆ ಬೇರೆಯೇ ಮಾಡಿಸಬೇಕು.

ತೇವ ಇದ್ದರೆ

ಮಳೆ ಬಂದಾಗ ಮಾತ್ರ ಮಿಣುಕುತ್ತದೆ, ಬಿಸಿಲಿನ ದಿನಗಳಲ್ಲಿ ಇಲ್ಲ ಅಂದರೆ ತೇವದ ಕಡೆ ನೋಡಿ. ಹೊರಗೋಡೆಯ ಸ್ವಿಚ್ ಬೋರ್ಡ್, ಬಚ್ಚಲಿನ ದೀಪ, ತಾರಸಿಯ ಜಂಕ್ಷನ್ ಬಾಕ್ಸ್ ಇವುಗಳಲ್ಲಿ ನೀರು ಇಳಿದು ಟರ್ಮಿನಲ್‌ಗಳ ನಡುವೆ ದಾರಿ ಮಾಡುತ್ತದೆ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಕಣ್ಣಿಗೇ ಕಾಣುತ್ತದೆ. ಹಿತ್ತಾಳೆಯ ಸ್ಕ್ರೂಗಳ ತಲೆಯ ಮೇಲೆ ಹಸಿರು ಪುಡಿ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪ್ಲಾಸ್ಟಿಕ್ಕಿನ ಮೇಲೆ ಬೇರಿನ ಹಾಗೆ ಹರಡಿದ ಕಪ್ಪು ಗೆರೆ. ಮುಟ್ಟಿದರೆ ವೈರಿನ ತುದಿ ಗಟ್ಟಿಯಾಗಿ, ಪುಡಿಪುಡಿ. ಆ ಕಪ್ಪು ಗೆರೆ ಸುಟ್ಟ ಇದ್ದಿಲು, ಕರೆಂಟ್ ಒಯ್ಯುತ್ತದೆ. ಒರೆಸಿ ಒಣಗಿಸಿದರೆ ಸಾಲದು, ಆ ಸ್ವಿಚ್ಚನ್ನೇ ಬದಲಿಸಬೇಕು. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ ನಿಲ್ಲಿಸಿ. ಬೆಂಕಿ ಹತ್ತಿಕೊಳ್ಳುವುದು ಇಂಥ ಬೋರ್ಡುಗಳಿಂದಲೇ.

ಕೆಪಾಸಿಟರ್ ಹಾಕುವ ಉಪಾಯ

ಸ್ವಿಚ್ ಫೇಸ್‌ನಲ್ಲೇ ಇದೆ, ತೇವ ಇಲ್ಲ, ಇನ್ಸುಲೇಷನ್ ಚೆನ್ನಾಗಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇದಕ್ಕೆ ಕೈ ಹಾಕಬೇಕು. ಇಲ್ಲದಿದ್ದರೆ ಎಚ್ಚರಿಕೆ ಕೊಡುತ್ತಿರುವ ಬಲ್ಬಿನ ಬಾಯಿ ಮುಚ್ಚಿಸಿದಂತೆ ಆಗುತ್ತದೆ.

ಬಲ್ಬಿಗೆ ಸಮಾಂತರವಾಗಿ, ಅಂದರೆ ಹೋಲ್ಡರಿಗೆ ಬರುವ ಫೇಸ್ ಮತ್ತು ನ್ಯೂಟ್ರಲ್ ನಡುವೆ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು ಅದರ ಸಾಲಿನಲ್ಲೇ 100 ಓಮ್ ರೆಸಿಸ್ಟರ್ ಜೋಡಿಸುತ್ತಾರೆ. ಎರಡನ್ನೂ ಸೇರಿಸಿ ಸೀಲ್ ಮಾಡಿದ ಸಿದ್ಧ ಪೊಟ್ಟಣವೂ ಸಿಗುತ್ತದೆ. ಅದೇ ಒಳ್ಳೆಯದು. ಕೆಪಾಸಿಟರ್ ಮೇಲೆ ಎಕ್ಸ್2 ಅಂತ ಗುರುತು, 275 ವೋಲ್ಟ್ ಎಸಿ ಅಂತ ಬರಹ ಇರಲೇಬೇಕು. ಮೇನ್ಸ್ ಕರೆಂಟಿಗೆ ನೇರ ಜೋಡಿಸಲೆಂದೇ ಮಾಡಿದ ಬಗೆ ಅದು. ಹಳೇ ರೇಡಿಯೋದಿಂದ ಕಿತ್ತ ಯಾವುದೋ ಕೆಪಾಸಿಟರ್ ಹಾಕಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು.

ಇದು ಕೆಲಸ ಮಾಡುವ ಬಗೆ ಸರಳ. 50 ಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 32 ಸಾವಿರ ಓಮ್‌ನಂತೆ ವರ್ತಿಸುತ್ತದೆ. ಮೆಟ್ಟಿಲಿನ ವೈರಿನಿಂದ ಬರುವ 70 ಮೈಕ್ರೋಆಂಪಿಯರ್ ಅದರ ಮೂಲಕ ಹರಿದರೆ ಬಲ್ಬಿನ ತುದಿಯಲ್ಲಿ ಉಳಿಯುವುದು ಎರಡು ಚಿಲ್ಲರೆ ವೋಲ್ಟ್. ಇಂಡಿಕೇಟರಿನ ಒಂದು ಮಿಲಿಆಂಪಿಯರ್ ಬಂದರೂ 32 ವೋಲ್ಟ್ ಅಷ್ಟೆ. ಸಾಮಾನ್ಯ ಡ್ರೈವರ್ ಇಷ್ಟಕ್ಕೆ ಎಚ್ಚರವಾಗುವುದಿಲ್ಲ.

ಇದನ್ನು ಸ್ವಿಚ್ಚಿನ ತುದಿಗಳ ನಡುವೆ ಜೋಡಿಸಬೇಡಿ. ಆಗ ಸೋರಿಕೆ ನಿಲ್ಲುವ ಬದಲು ಹತ್ತಾರು ಪಟ್ಟು ಹೆಚ್ಚಾಗುತ್ತದೆ. ಕಿಡಿ ಹಾರದಿರಲಿ ಅಂತ ಹಿಂದೆ ಯಾರೋ ಸ್ವಿಚ್ಚಿಗೆ ಹೀಗೆ ಕೆಪಾಸಿಟರ್ ಹಾಕಿದ್ದರೆ, ನೀವು ಹುಡುಕುತ್ತಿರುವ ಕಾರಣ ಅದೇ ಇರಬಹುದು. ಡಿಮ್ಮರ್ ಇರುವ ಸರ್ಕ್ಯೂಟಿಗೆ ಡಿಮ್ಮರ್ ತಯಾರಕರು ಹೇಳಿದ್ದನ್ನು ಬಿಟ್ಟು ಬೇರೆ ಹಾಕಬೇಡಿ.

ಆನ್ ಇರುವಾಗಲೇ ಮಿಣುಕಿದರೆ

ಇದು ಬೇರೆಯೇ ಕಾಯಿಲೆ. ಹುಡುಕುವ ದಾರಿಯೂ ಬೇರೆ.

ಒಂದೇ ಬಲ್ಬು ಪಟಪಟ ಅಂತ ವೇಗವಾಗಿ ಹೊಡೆದುಕೊಳ್ಳುತ್ತಿದ್ದರೆ ಅದರ ಒಳಗಿನ ಚಿಪ್ ಹೋಗಿರುತ್ತದೆ. ಚಿಪ್ಪುಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುವುದರಿಂದ ಒಂದು ತುಂಡಾದರೂ ಸಾಲೇ ಕೆಡುತ್ತದೆ. ಮುಚ್ಚಳ ತೆಗೆದು ನೋಡಿದರೆ ಹಳದಿ ಚಿಪ್ಪುಗಳ ನಡುವೆ ಒಂದರಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕಿ ಕಾಣುತ್ತದೆ. ಇದು ನಿಜಕ್ಕೂ ಬಲ್ಬಿನ ದೋಷ, ಬದಲಿಸಿ. ಮುಚ್ಚಳ ತೆಗೆದ ಬಲ್ಬನ್ನು ಯಾವ ಕಾರಣಕ್ಕೂ ಮತ್ತೆ ಹೊತ್ತಿಸಬೇಡಿ. ಹೆಚ್ಚಿನ ಬಲ್ಬುಗಳಲ್ಲಿ ಆ ಚಿಪ್ಪುಗಳಿಗೆ ನೇರವಾಗಿ ಮೇನ್ಸ್ ಸಂಪರ್ಕವೇ ಇರುತ್ತದೆ.

ಅರ್ಧ ಗಂಟೆ ಚೆನ್ನಾಗಿ ಉರಿದು, ಆರಿ, ಸ್ವಲ್ಪ ಹೊತ್ತಿಗೆ ತಾನೇ ಹೊತ್ತಿಕೊಂಡರೆ ಬಿಸಿ ಜಾಸ್ತಿಯಾಗಿದೆ. ಗಾಳಿಯಾಡದ ಗಾಜಿನ ಬುಡ್ಡಿಯೊಳಗಿನ ಬಲ್ಬುಗಳಿಗೆ ಇದು ಸಾಮಾನ್ಯ. ಅದೇ ಬಲ್ಬನ್ನು ತೆರೆದ ಹೋಲ್ಡರಿನಲ್ಲಿ ಅಷ್ಟೇ ಹೊತ್ತು ಉರಿಸಿ ನೋಡಿದರೆ ಗೊತ್ತಾಗುತ್ತದೆ. ಅಲ್ಲೂ ಆರಿದರೆ ಬಲ್ಬು, ಆರದಿದ್ದರೆ ಬುಡ್ಡಿ. ಬಲ್ಬನ್ನು ಕೊಂಚ ಒತ್ತಿದರೆ ಹೊತ್ತುತ್ತದೆ ಅಂದರೆ ಹೋಲ್ಡರಿನ ಸ್ಪ್ರಿಂಗ್ ಸೋತಿದೆ. ಬಿಸಿಗೆ ಕಂದಾದ ಹೋಲ್ಡರನ್ನು ಬದಲಿಸಿ, ಒತ್ತಿ ಒತ್ತಿ ನಡೆಸಬೇಡಿ.

ಇವೆಲ್ಲಕ್ಕಿಂತ ತುರ್ತಿನದ್ದು ಒಂದಿದೆ. ಒಂದು ಕೋಣೆಯ ದೀಪ ಏಕಾಏಕಿ ಜಾಸ್ತಿ ಬೆಳಗುತ್ತದೆ, ಅದೇ ಹೊತ್ತಿಗೆ ಇನ್ನೊಂದು ಕೋಣೆಯದು ಮಂಕಾಗುತ್ತದೆ. ಮಿಕ್ಸಿಯೋ ಪಂಪೋ ಹಾಕಿದಾಗ ಇದು ಏರಿಳಿಯುತ್ತದೆ. ಹೀಗಾದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಅಥವಾ ಕಡಿದುಹೋಗಿದೆ. ಮೂರು ಫೇಸಿನ ಸಪ್ಲೈಯಲ್ಲಿ ನ್ಯೂಟ್ರಲ್ ಹೋದರೆ 230 ವೋಲ್ಟಿನ ಉಪಕರಣಕ್ಕೆ 400ರ ಹತ್ತಿರದ ತನಕ ಹೋಗಬಹುದು. ಫ್ರಿಜ್, ಟಿವಿ ಎಲ್ಲ ಒಟ್ಟಿಗೇ ಸುಡುತ್ತವೆ. ಕಾರಣ ಹುಡುಕುತ್ತಾ ನಿಲ್ಲಬೇಡಿ. ಮೇನ್ ಆಫ್ ಮಾಡಿ, ಆಮೇಲೆ ಅಕ್ಕಪಕ್ಕದ ಮನೆಯಲ್ಲೂ ಹೀಗಾಗುತ್ತಿದೆಯಾ ಕೇಳಿ. ಅಲ್ಲೂ ಆಗುತ್ತಿದ್ದರೆ ದೋಷ ಕಂಬದಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಇದೆ, ವಿದ್ಯುತ್ ಕಚೇರಿಗೆ ಫೋನ್ ಮಾಡಬೇಕು. ನಿಮ್ಮ ಮನೆಯಲ್ಲಿ ಮಾತ್ರವಾದರೆ ಮೀಟರ್ ಬೋರ್ಡಿನ ಹತ್ತಿರದ ಜೋಡಣೆಗಳನ್ನು ಎಲೆಕ್ಟ್ರಿಷಿಯನ್ ಮೊದಲು ನೋಡಲಿ.

ದೋಷ ಸಿಕ್ಕಿ ಸರಿಯಾದ ಮೇಲೆ, ಸಿಕ್ಕ ಕಾರಣವನ್ನೂ ಮಾಡಿದ ಕೆಲಸವನ್ನೂ ದಿನಾಂಕದ ಜತೆ ಒಂದು ಚೀಟಿಯಲ್ಲಿ ಬರೆದು ಎಂಸಿಬಿ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ. ಹೋಲ್ಡರಿನ ಹಿಂದೆ ಕೆಪಾಸಿಟರ್ ಹಾಕಿಸಿದ್ದರೆ ಅದನ್ನಂತೂ ತಪ್ಪದೆ ಬರೆಯಿರಿ. ಮುಂದೆ ಆ ಸರ್ಕ್ಯೂಟಿನ ಇನ್ಸುಲೇಷನ್ ಪರೀಕ್ಷೆ ಮಾಡುವವರು ಅದನ್ನು ಮೊದಲು ಬಿಚ್ಚಿಡಬೇಕಾಗುತ್ತದೆ.